ಲಸಾನ್ಯ ಕತ್ತರಿಸಿದರೆ ಟ್ರೇ ತುಂಬ ನೀರು! ಕ್ರಿಸ್‌ಮಸ್ ಊಟಕ್ಕೆ ಎಂಟು ಜನ, ಸಹಾಯ ಮಾಡಿ

ಹಿಟ್ಟಿನಕೈ:
ಕ್ರಿಸ್‌ಮಸ್ ಮಧ್ಯಾಹ್ನ ಮನೆಯವರೆಲ್ಲ ಸೇರಿ ಎಂಟು ಜನ. ಪೂರ್ತಿ ಇಟಾಲಿಯನ್ ಊಟ ನಾನೇ ಮಾಡ್ತೀನಿ ಅಂತ ಜಂಬ ಕೊಚ್ಚಿಕೊಂಡಾಗಿದೆ. ಬ್ರುಸ್ಕೆಟ್ಟಾ (ಸುಟ್ಟ ಬ್ರೆಡ್ ಮೇಲೆ ಟೊಮೇಟೊ), ಅರಾಂಚಿನಿ (ಎಣ್ಣೆಯಲ್ಲಿ ಕರಿದ ಅನ್ನದ ಉಂಡೆ), ಪಾಲಕ್-ರಿಕೋಟಾ ಲಸಾನ್ಯ (ಪಾಸ್ತಾ ಹಾಳೆಗಳ ನಡುವೆ ಪಾಲಕ್, ರಿಕೋಟಾ ಅನ್ನೋ ಮೆತ್ತನೆ ಚೀಸ್, ಸಾಸ್ ಪದರ ಹಾಕಿ ಬೇಯಿಸೋದು), ಓವನ್‌ನಲ್ಲಿ ಹುರಿದ ತರಕಾರಿ, ಕೊನೆಗೆ ತಿರಮಿಸು (ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಕ್ರೀಮಿನ ಸಿಹಿ). ಭಾನುವಾರ ಒಂದು ಟ್ರಯಲ್ ಮಾಡಿದೆ, ಮಾನ ಹೋಯ್ತು. ಲಸಾನ್ಯದ ಪದರಗಳು ಜಾರಿ ಒಂದೊಂದು ಒಂದೊಂದು ಕಡೆ, ತಳದಲ್ಲಿ ನೀರು. ತಿರಮಿಸು ಕ್ರೀಮ್ ಒಡೆದ ಹಾಲಿನ ಹಾಗೆ ತರಿತರಿ. ಬ್ರುಸ್ಕೆಟ್ಟಾ ಮೆತ್ತಗೆ. ಓವನ್ ಒಂದೇ ಇರೋದು. ಇಬ್ಬರು ಮಾಂಸ ಮುಟ್ಟಲ್ಲ, ಮೊಟ್ಟೆ ತಿಂತಾರೆ.

ಸೌಟು:
ಮೂರು ಪ್ರಶ್ನೆ. ಪಾಲಕ್ ಹಿಂಡಿದ್ರಾ? ಮೊಜರೆಲ್ಲಾ ಚೀಸ್ ನೀರಲ್ಲಿ ಮುಳುಗಿರೋ ಉಂಡೇನಾ? ಓವನ್‌ನಿಂದ ತೆಗೆದು ಎಷ್ಟು ಹೊತ್ತಿಗೆ ಕತ್ತರಿಸಿದ್ರಿ?

ಹಿಟ್ಟಿನಕೈ:
ಜರಡಿಯಲ್ಲಿ ಬಸಿದೆ, ಹಿಂಡಲಿಲ್ಲ. ಹೌದು, ನೀರಿನ ಉಂಡೆಯೇ. ಕತ್ತರಿಸಿದ್ದು ತಕ್ಷಣ, ಎಲ್ಲರೂ ಹಸಿದು ಕೂತಿದ್ರು. ಹಾಳೆಗಳನ್ನು ಕುದಿಸಿ, ಒದ್ದೆ ಇದ್ದಾಗಲೇ ಜೋಡಿಸಿದೆ.

ಸೌಟು:
ಹಾಗಾದ್ರೆ ನಿಮ್ಮ ಅಳತೆಯಲ್ಲಿ ತಪ್ಪಿಲ್ಲ, ನೀರು ನಾಲ್ಕು ದಾರಿಯಿಂದ ಒಳಗೆ ಬಂದಿದೆ. ಪಾಲಕ್‌ನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ನೀರೇ. ಬೆಂದ ಮೇಲೆ ಬಟ್ಟೆಯಲ್ಲಿ ಸುತ್ತಿ, ಕೈ ನೋಯುವಷ್ಟು ಹಿಂಡಿ. ರಿಕೋಟಾವನ್ನು ಹಿಂದಿನ ರಾತ್ರಿಯೇ ತೆಳು ಬಟ್ಟೆ ಹಾಕಿದ ಜರಡಿಯಲ್ಲಿ ಫ್ರಿಜ್‌ಗೆ ಇಡಿ. ಮೊಜರೆಲ್ಲಾ ಚೂರು ಮಾಡಿ ಒಂದು ಗಂಟೆ ಬಟ್ಟೆ ಮೇಲೆ ಹರಡಿ. ಹಾಳೆಗಳನ್ನೂ ಒಣ ಬಟ್ಟೆ ಮೇಲೆ ಒರೆಸಿಯೇ ಜೋಡಿಸಬೇಕು.

ಬಿಳಿ ಸಾಸ್, ಅಂದರೆ ಬೆಶಮೆಲ್ಲಾ, ಎಂಟು ಜನಕ್ಕೆ 1 ಲೀಟರ್ ಹಾಲು, 80 ಗ್ರಾಂ ಬೆಣ್ಣೆ, 80 ಗ್ರಾಂ ಮೈದಾ, ಚೂರು ಜಾಯಿಕಾಯಿ. ಸೌಟಿನ ಬೆನ್ನಿಗೆ ಅಂಟಿಕೊಂಡು, ಬೆರಳಲ್ಲಿ ಎಳೆದ ಗೆರೆ ಹಾಗೇ ನಿಲ್ಲಬೇಕು. ಬೆಂದ ಮೇಲೆ 20 ನಿಮಿಷ ಯಾರನ್ನೂ ಹತ್ತಿರ ಬಿಡಬೇಡಿ. ಬಿಸಿಯಲ್ಲಿ ಸಡಿಲವಾಗಿರೋ ಸಾಸ್ ಆರುತ್ತಾ ಗಟ್ಟಿಯಾಗೋದು ಆಗಲೇ.

(ಇಟಲಿಯ ಬೊಲೋನ್ಯಾ ಊರಿನವರು ಈ ಲಸಾನ್ಯ ನೋಡಿದರೆ ಮೂಗು ಮುರಿಯಬಹುದು. ಅವರದ್ದು ಪಾಲಕ್ ಬೆರೆಸಿದ ಹಸಿರು ಮೊಟ್ಟೆ-ಹಿಟ್ಟಿನ ಹಾಳೆ, ಮಾಂಸದ ರಾಗು (ನಿಧಾನಕ್ಕೆ ಬೇಯಿಸಿದ ಸಾಸ್), ಬೆಶಮೆಲ್ಲಾ, ಪಾರ್ಮಿಜಾನೊ ಚೀಸ್. ರಿಕೋಟಾ ದಕ್ಷಿಣದ ಕಡೆಯದ್ದು, ನೇಪಲ್ಸ್‌ನ ಕಾರ್ನಿವಲ್ ಲಸಾನ್ಯದಲ್ಲಿ ಇರುತ್ತೆ. ನೀವು ತಲೆ ಕೆಡಿಸಿಕೊಳ್ಳಬೇಡಿ.)

ಕಾಫಿಚಮಚ:
ತಿರಮಿಸು ನಾನು ಹೇಳ್ತೀನಿ, ನಾನೂ ಎರಡು ಸಲ ಕೆಡಿಸಿದ್ದೀನಿ. ಅದರ ಕ್ರೀಮಿಗೆ ಹಾಕೋ ಮಸ್ಕರ್ಪೋನೆ ಅನ್ನೋ ಮೆತ್ತನೆ ಚೀಸ್‌ನಲ್ಲಿ ಕೊಬ್ಬು ಜಾಸ್ತಿ. ಮೆಷಿನ್ ಹಾಕಿ ಬಡಿದರೆ ಬೆಣ್ಣೆಯ ಕಡೆಗೆ ಹೊರಟು ತರಿಯಾಗುತ್ತೆ. 500 ಗ್ರಾಂ ಮಸ್ಕರ್ಪೋನೆಯನ್ನು ಚಮಚದಲ್ಲಿ ಸಡಿಲ ಮಾಡಿ, ಸಾಕು. 5 ಮೊಟ್ಟೆಯ ಹಳದಿ, 100 ಗ್ರಾಂ ಸಕ್ಕರೆಯನ್ನು ಕುದಿನೀರಿನ ಪಾತ್ರೆ ಮೇಲಿಟ್ಟು ದಪ್ಪ ಆಗೋವರೆಗೆ ಕಲಕಿ. ಅಡುಗೆ ಥರ್ಮಾಮೀಟರ್ ಇದ್ದರೆ 71 ಡಿಗ್ರಿ ದಾಟಲಿ, ಹಸಿ ಮೊಟ್ಟೆ ಚಿಂತೆ ಇರಲ್ಲ. ಇದು *ಪೂರ್ತಿ* ಆರಿದ ಮೇಲೆ ಮಸ್ಕರ್ಪೋನೆ ಜೊತೆ ಸೇರಿಸಿ. ಬೆಚ್ಚಗಿದ್ದಾಗ ಸೇರಿಸಿದರೆ ನೀರಾಗುತ್ತೆ. ಆಮೇಲೆ ನೊರೆ ಮಾಡಿದ 200 ಮಿಲಿ ಕ್ರೀಮ್. ಕಾಫಿಯೂ ತಣ್ಣಗಿರಬೇಕು. ಸವೊಯಾರ್ದಿ ಬಿಸ್ಕತ್ತನ್ನು ಮುಳುಗಿಸಿ ಕಾಯಬೇಡಿ, ಒಂದು ಕಡೆ ಒಂದು ಸೆಕೆಂಡ್, ತಿರುಗಿಸಿ ಇನ್ನೊಂದು ಸೆಕೆಂಡ್. ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಿ.

ಮತ್ತೆ, ಮಾಂಸ ಮುಟ್ಟದ ಆ ಇಬ್ಬರ ವಿಷಯದಲ್ಲಿ ಒಂದು ಎಚ್ಚರಿಕೆ. ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಹೆಪ್ಪು ಹಾಕೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಕಿಣ್ವದಿಂದ. ಅದು ಅಲ್ಲಿನ ನಿಯಮ, ಬೇರೆ ದಾರಿ ಇಲ್ಲ. ಪೆಕೊರಿನೊ ರೊಮಾನೊ ಚೀಸ್‌ಗೆ ಕುರಿಮರಿಯದ್ದು. ಸೂಕ್ಷ್ಮಜೀವಿ ರೆನೆಟ್‌ನಿಂದ ಮಾಡಿದ ಗಟ್ಟಿ ಚೀಸ್ ಲೇಬಲ್ ಓದಿ ತನ್ನಿ. ಮಸ್ಕರ್ಪೋನೆ ಆಮ್ಲದಿಂದ ಆಗೋದು, ಅಲ್ಲಿ ಈ ತಕರಾರಿಲ್ಲ. ರಿಕೋಟಾ, ಮೊಜರೆಲ್ಲಾದ ಲೇಬಲ್ ಮಾತ್ರ ನೋಡಿಕೊಳ್ಳಿ.

ಹಿಟ್ಟಿನಕೈ:
ಅಯ್ಯೋ, ಟ್ರಯಲ್‌ನಲ್ಲಿ ಅದೇ ಚೀಸ್ ಹಾಕಿದ್ದೆ! ಅವರು ಬಂದಿರಲಿಲ್ಲ, ಬಚಾವ್. ಇನ್ನು ಒಂದೇ ಓವನ್ ವಿಷಯ?

ಸೌಟು:
ಎಲ್ಲ ಒಟ್ಟಿಗೆ ಬಿಸಿಯಾಗಿ ಮೇಜಿಗೆ ಬರಬೇಕು ಅಂದುಕೊಂಡಿದ್ದೇ ಎಡವಟ್ಟು. ಇಟಲಿಯ ಹಬ್ಬದೂಟ ಸರದಿ ಪ್ರಕಾರ ಬರೋದು: ಆಂಟಿಪಾಸ್ಟೊ (ಶುರುವಿನ ತಿಂಡಿ), ಪ್ರಿಮೊ (ಪಾಸ್ತಾ ಅಥವಾ ಅನ್ನದ ಸರದಿ), ಸೆಕೊಂಡೊ (ಮಾಂಸ ಅಥವಾ ಮೀನು), ಜೊತೆಗೆ ಕಂಟೋರ್ನೊ (ಪಕ್ಕದ ತರಕಾರಿ), ಕೊನೆಗೆ ದೋಲ್ಚೆ (ಸಿಹಿ). ಲಸಾನ್ಯ ಪ್ರಿಮೊ, ನಿಮ್ಮ ತರಕಾರಿ ಕಂಟೋರ್ನೊ. ಊಟ 1 ಗಂಟೆಗೆ ಅಂದ್ಕೊಂಡು ಹಿಂದಕ್ಕೆ ಎಣಿಸಿ. ಹಿಂದಿನ ದಿನ ಜೋಡಿಸಿಟ್ಟ ಲಸಾನ್ಯ 11ಕ್ಕೆ ಫ್ರಿಜ್‌ನಿಂದ ಹೊರಗೆ (ಗಾಜಿನ ಟ್ರೇ ಆದರೆ ತಣ್ಣಗಿದ್ದಾಗ ಬಿಸಿ ಓವನ್‌ಗೆ ತಳ್ಳಬೇಡಿ, ಬಿರುಕು ಬಿಡುತ್ತೆ). 11:45ಕ್ಕೆ 190 ಡಿಗ್ರಿಯಲ್ಲಿ, ಫಾಯಿಲ್ ಮುಚ್ಚಿ 30 ನಿಮಿಷ, ತೆಗೆದು 20. ಅದು ಹೊರಬಂದ ಕೂಡಲೇ ಶಾಖ 220ಕ್ಕೆ ಏರಿಸಿ ತರಕಾರಿ ಒಳಗೆ. ಬ್ರುಸ್ಕೆಟ್ಟಾ ಟೊಮೇಟೊಗೆ ಉಪ್ಪು ಹಾಕಿ 15 ನಿಮಿಷ ಬಸಿಯಿರಿ, ಬ್ರೆಡ್ ಮೇಲೆ ಹಾಕೋದು ಜನ ಕೂತ ಮೇಲೆ.

ಅರಾಂಚಿನಿ ಬಿಡಿ. ಎಲ್ಲರೂ ಮಾತಾಡ್ತಾ ಕೂತಿರುವಾಗ ನೀವು ಎಣ್ಣೆ ಮುಂದೆ ಬೇಯ್ತಾ ಇರ್ತೀರಿ.

ಕಾಫಿಚಮಚ:
ಇದಕ್ಕೆ ನನ್ನ ಒಪ್ಪಿಗೆ ಇಲ್ಲ, ಅರಾಂಚಿನಿ ಇಲ್ಲದ ಹಬ್ಬವಾ? ಆದರೆ ಲಸಾನ್ಯದ ಮುಂಚೆ ಅನ್ನದ ಉಂಡೆ ಹೊಟ್ಟೆಗೆ ಭಾರ, ಅದು ನಿಜ. ಸಿಸಿಲಿಯಲ್ಲಿ ಅದಕ್ಕೆ ಡಿಸೆಂಬರ್ 13, ಸಾಂತಾ ಲೂಚಿಯಾ ದಿನ ಅಂತಲೇ ಇದೆ. ನೀವೂ ಅವತ್ತು ಮಾಡಿ ತಿನ್ನಿ.

ಹಿಟ್ಟಿನಕೈ:
ಎರಡನೇ ಟ್ರಯಲ್ ಮುಗೀತು. ಪಾಲಕ್ ಹಿಂಡಿದರೆ ಒಂದು ಲೋಟದ ಹತ್ತಿರ ನೀರು ಬಂತು! 22 ನಿಮಿಷ ಕಾದು ಕತ್ತರಿಸಿದೆ, ತುಂಡು ಚೌಕಾಕಾರವಾಗಿ ನಿಂತಿತು. ತಿರಮಿಸೂ ಸರಿ ಹೋಯ್ತು. ಬೆಶಮೆಲ್ಲಾ ಮಾತ್ರ ಗಂಟುಗಂಟು.

ಸೌಟು:
ಹಾಲು ಒಮ್ಮೆಲೇ ಸುರಿದಿರ್ತೀರಿ. ಮೊದಲು ಒಂದೊಂದೇ ಸೌಟು, ಪ್ರತಿ ಸಲ ನುಣ್ಣಗಾಗೋವರೆಗೆ ಕಲಕಿ. ಅವತ್ತು ಮತ್ತೆ ಗಂಟಾದರೆ ಜರಡಿಯಲ್ಲಿ ಸೋಸಿಬಿಡಿ, ಯಾರಿಗೂ ಗೊತ್ತಾಗಲ್ಲ.