ಹೈದರಾಬಾದ್ ಜೊತೆಗೆ ನಮ್ಮ ಹಳ್ಳಿ ಊಟ: ಪ್ಲಾನ್ ಹೇಗೆ?

ಪ್ರಶ್ನೆ: ನಾನಿರುವುದು ಕಲಬುರಗಿಯಲ್ಲಿ. ಬೆಂಗಳೂರಿನ ಗೆಳೆಯರು ಡಿಸೆಂಬರ್ ಕೊನೆಗೆ ಬರ್ತಿದ್ದಾರೆ, ತಿನ್ನೋದೊಂದೇ ಕೆಲಸ. ಹೈದರಾಬಾದ್, ಬೀದರ್, ಇಲ್ಲಿನ ಹಳ್ಳಿ ಎಲ್ಲಾ ಸೇರಿಸಬೇಕು. ಒಬ್ಬರು ಮಾಂಸ ತಿನ್ನಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಹೈದರಾಬಾದಿನಿಂದಲೇ ಶುರು ಮಾಡಿ. ಚಾರ್‌ಮಿನಾರ್ ಹತ್ತಿರ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು, ಮಧ್ಯಾಹ್ನ ಬಿರಿಯಾನಿ. ಹಲೀಮ್ (ಗೋಧಿ, ಮಾಂಸ ಸೇರಿಸಿ ಬೇಯಿಸಿದ ಗಟ್ಟಿ ಗಂಜಿ) ಆಸೆ ಬಿಡಿ, ಅದರ ಮಜಾ ರಂಜಾನ್‌ನಲ್ಲೇ. ಆಮೇಲೆ ಬೀದರ್, ಅಲ್ಲಿಂದ ಕಲಬುರಗಿಗೆ ರೈಲಿದೆ, 2017ರಲ್ಲಿ ಶುರುವಾದ ಲೈನು.

ಉತ್ತರ 2: ನಗರಕ್ಕೆ ಒಂದು ದಿನ ಸಾಕು ರೀ, ಬಿರಿಯಾನಿ ಈಗ ಎಲ್ಲಾ ಕಡೆ ಸಿಗುತ್ತೆ. ಎಳ್ಳಮಾವಾಸ್ಯೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿ, ಡಿಸೆಂಬರ್ ಇಲ್ಲಾ ಜನವರಿಯಲ್ಲಿ ಬರುತ್ತೆ. ಆ ದಿನ ಹೊಲದಲ್ಲಿ ಚರಗ ಚೆಲ್ಲಿ (ಭೂಮಿತಾಯಿಗೆ ಅಡುಗೆಯ ನೈವೇದ್ಯ ಹೊಲದ ತುಂಬಾ ಎರಚಿ) ಅಲ್ಲೇ ಕೂತು ಊಟ: ಸಜ್ಜೆ ರೊಟ್ಟಿ, ಕಡುಬು, ಕಾಳು ಸೊಪ್ಪು ತರಕಾರಿ ಎಲ್ಲಾ ಸೇರಿಸಿ ಕುದಿಸಿದ ಭಜ್ಜಿ, ಶೇಂಗಾ ಹಿಂಡಿ (ಚಟ್ನಿಪುಡಿ). ಮಾಂಸ ತಿನ್ನದವರಿಗೆ ಇದಕ್ಕಿಂತ ಒಳ್ಳೆ ಊಟ ಇಲ್ಲ. ಹೋಟೆಲಲ್ಲಿ ಹುಡುಕಬೇಡಿ, ಹೊಲ ಇರೋ ಗೆಳೆಯರನ್ನು ಹಿಡಿಯಿರಿ, ಯಾರೂ ಬೇಡ ಅನ್ನಲ್ಲ.

ಉತ್ತರ 3: ಹಸಿ ತೊಗರಿಕಾಯಿ ಉಪ್ಪು ಹಾಕಿ ಬೇಯಿಸಿದ್ದು ಮರೀಬೇಡಿ, ಆಗ ಅದರದೇ ಕಾಲ. ಊರಲ್ಲಿ ತಹರಿ ಅನ್ನೋ ಮಸಾಲೆ ಅನ್ನ, ಮಾಲ್ಪುರಿ ಅನ್ನೋ ಸಿಹಿ ತಿನ್ನಿಸಿ. ವಾಪಸ್ ಹೋಗುವಾಗ ಕಲಬುರಗಿ ತೊಗರಿ ಬೇಳೆ ಕೊಡಿ, 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ವಿಶೇಷ ಅನ್ನೋ ಅಧಿಕೃತ ಗುರುತು) ಸಿಕ್ಕಿದೆ. ಸೀತನಿ (ಸುಟ್ಟ ಎಳೆ ಜೋಳದ ತೆನೆಯ ಕಾಳು) ಬೇಕಂದ್ರೆ ಮಾತ್ರ ಜನವರಿ ಕೊನೆಗೆ ಕರೀರಿ.

ಪ್ರಶ್ನೆ ಕೇಳಿದವರು: ಎಳ್ಳಮಾವಾಸ್ಯೆಗೇ ಟಿಕೆಟ್ ಮಾಡಿಸ್ತೀನಿ. ಆಳಂದ ಕಡೆ ಹೊಲ ಇರೋರು ಯಾರಾದ್ರೂ ಇದ್ದೀರಾ?