ಅಥರ್ಟನ್‌ನ ತಗಡಿನ ಚೀನೀ ಗುಡಿಗೆ ಅರ್ಧ ದಿನ ಕೊಡಬಹುದಾ?

ಅಲೆಮಾರಿ_ಶಿರಸಿ: ಮುಂದಿನ ತಿಂಗಳು ಆಸ್ಟ್ರೇಲಿಯಾದ ಕೇರ್ನ್ಸ್‌ಗೆ ಹೋಗುತ್ತಿದ್ದೇವೆ. ಒಂದು ದಿನ ಖಾಲಿ ಇದೆ. ಹತ್ತಿರದ ಅಥರ್ಟನ್‌ನಲ್ಲಿ ವಲಸೆ ಬಂದ ಚೀನೀ ರೈತರು ಕಟ್ಟಿದ ಹೌ ವಾಂಗ್ ಗುಡಿ ಇದೆಯಂತೆ. ಫೋಟೋ ನೋಡಿದರೆ ನಮ್ಮೂರಿನ ಅಡಿಕೆ ಗೋದಾಮಿನ ಹಾಗಿದೆ, ಸುತ್ತ ಬರೀ ತಗಡು. ಇಷ್ಟಕ್ಕೆ ಘಾಟಿ ಹತ್ತಬೇಕಾ? ಅಪ್ಪ ಅಮ್ಮ ಜೊತೆಗಿದ್ದಾರೆ, ಅಮ್ಮನಿಗೆ ತಿರುವು ಆಗಿಬರುವುದಿಲ್ಲ.

ಕಾಡುಮಲ್ಲಿಗೆ: ಹತ್ತಿ ಮಾರಾಯ್ರೇ. ಹೊರಗಿನಿಂದ ನನಗೂ ಗೋದಾಮು ಅಂತಲೇ ಅನ್ನಿಸಿತ್ತು. ಒಳಗೆ ಪೂರ್ತಿ ರೆಡ್ ಸೀಡರ್ ಮರ, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಜಾತಿಯೇ ಅದು. ಕೆತ್ತನೆ, ಗಂಟೆ ಎಲ್ಲಾ ಚೀನಾದಿಂದ ಹಡಗಿನಲ್ಲಿ ತರಿಸಿದ್ದು. ಕಟ್ಟಿದ್ದು 1903ರಲ್ಲಿ. ಕೈಗೆ ಸಿಕ್ಕಿದ್ದು ಮರ ಮತ್ತು ತಗಡು, ಅದರಲ್ಲೇ ಕಟ್ಟಿದರು. ನಾವು ಹೋದಾಗ ಮಧ್ಯಾಹ್ನ, ಬಿಸಿಲಿಗೆ ತಗಡು ಕಾದು ಟಕ್ ಟಕ್ ಅನ್ನುತ್ತಿತ್ತು. ಹೌ ವಾಂಗ್ ಅಂದರೆ ಚೀನಾದ ಸಾಂಗ್ ರಾಜವಂಶದ ಕೊನೆಯ ಬಾಲರಾಜನ ಅಂಗರಕ್ಷಕ ಅಂತ ಹೇಳುತ್ತಾರೆ. ನಮ್ಮಲ್ಲಾದರೆ ವೀರಗಲ್ಲು ನಿಲ್ಲಿಸಿ ಸುಮ್ಮನಾಗುತ್ತಿದ್ದರೇನೋ, ಅವರು ದೇವರನ್ನೇ ಮಾಡಿಕೊಂಡಿದ್ದಾರೆ.

ಗೇಣಿದಾರನ_ಮೊಮ್ಮಗ: ರೈತರು ಅಂದ ತಕ್ಷಣ ಹೆಂಡತಿ ಮಕ್ಕಳ ಜೊತೆ ಬಂದವರು ಅಂದುಕೊಳ್ಳಬೇಡಿ, ಜಾಸ್ತಿ ಜನ ಒಂಟಿ ಗಂಡಸರು, ಸಂಸಾರಗಳು ಕೆಲವೇ. ದಟ್ಟ ಕಾಡು ಕಡಿದು ಮೆಕ್ಕೆಜೋಳ ಬೆಳೆದದ್ದು ಅವರು, ಆದರೆ ಜಮೀನು ಬಿಳಿಯರದ್ದು, ಇವರು ಬರೀ ಗೇಣಿಗೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ಆ ಹೊಲಗಳನ್ನು ವಾಪಸ್ ಬಂದ ಸೈನಿಕರಿಗೆ ಕೊಡಿಸಿತು. ಉಳುವವನೇ ಹೊಲದೊಡೆಯ ಅನ್ನುವುದು ಅಲ್ಲಿ ತಲೆಕೆಳಗು, ನೋಡಿ. ಚೀನೀ ಕೇರಿ ಖಾಲಿಯಾಯಿತು, ಮನೆಗಳು ಹೋದವು, ಗುಡಿ ಉಳಿಯಿತು. ಫಾಂಗ್ ಆನ್ ಮನೆತನದವರು 1979ರಲ್ಲಿ ಅದನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಗೆ ದಾನ ಕೊಟ್ಟರು. ಗುಡಿ ನೋಡಿ ಹಾಗೇ ಬರಬೇಡಿ, ಅದರ ಸುತ್ತಲಿನ ಖಾಲಿ ಹುಲ್ಲಿನ ಜಾಗದಲ್ಲೂ ಒಂದು ಸುತ್ತು ಹಾಕಿ. ಕೇರಿ ಇದ್ದದ್ದು ಅಲ್ಲೇ.

ಅಲೆಮಾರಿ_ಶಿರಸಿ: ಗೇಣಿ ಕಥೆ ಓದಿ ಹೇಳಿದೆ, ಅಪ್ಪ ಈಗಲೇ ಹೊರಡೋಣ ಅನ್ನುತ್ತಿದ್ದಾರೆ! ಅಮ್ಮನದ್ದೇ ಚಿಂತೆ.

ಕಾಡುಮಲ್ಲಿಗೆ: ಗಿಲೀಸ್ ರಸ್ತೆ ಬೇಡವೇ ಬೇಡ. ಹತ್ತೊಂಬತ್ತು ಕಿಲೋಮೀಟರಿಗೆ 263 ತಿರುವು, ಯಾರೋ ಪುಣ್ಯಾತ್ಮರು ಎಣಿಸಿಟ್ಟಿದ್ದಾರೆ. ಕುರಂಡಾ, ಮರೀಬಾ ಮೇಲೆ ಹೋಗಿ, ದೂರ ಜಾಸ್ತಿಯಾದರೂ ಕುರಂಡಾ ದಾಟಿದ ಮೇಲೆ ಆರಾಮ. ಹೊರಡುವ ಮುಂಚೆ ಗುಡಿ ತೆಗೆದಿರುತ್ತದಾ ಅಂತ ಫೋನ್ ಮಾಡಿ ಕೇಳಿ. ಮತ್ತೆ ಅಮ್ಮನನ್ನು ಮುಂದಿನ ಸೀಟಲ್ಲಿ ಕೂರಿಸಿ.