ಸಹಾಯ ಬೇಕು: ‘ಕ್ಯೂ’ ಅನ್ನುವ ಬರಹ ನಿಜವಾಗಿ ಇತ್ತಾ?

ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೇನೆ. ಮೊದಲು ಬರೆದದ್ದು ಮಾರ್ಕ, ಉಳಿದಿಬ್ಬರು ಅದನ್ನು ನೋಡಿ ಬರೆದರು ಅನ್ನುವುದು ನನಗೂ ಒಪ್ಪಿಗೆ. ಮಾರ್ಕನಲ್ಲಿ ಇಲ್ಲದೆ ಉಳಿದಿಬ್ಬರಲ್ಲೂ ಇರುವ ಮಾತುಗಳು ‘ಕ್ಯೂ’ ಎಂಬ ಕಳೆದುಹೋದ ಬರಹದಿಂದ ಬಂದವು, ಮತ್ತಾಯ, ಲೂಕ ಒಬ್ಬರದನ್ನೊಬ್ಬರು ಓದಿರಲಿಲ್ಲ ಅಂತಾರೆ. 1955ರಲ್ಲಿ ಬೈಬಲ್ ವಿದ್ವಾಂಸ ಆಸ್ಟಿನ್ ಫೇರರ್ ಕ್ಯೂ ಬೇಕಾಗಿಲ್ಲ, ಲೂಕ ಮತ್ತಾಯನನ್ನೇ ಓದಿದ್ದ ಅಂದರು.

ನಾನು ಸಿಕ್ಕಿಕೊಂಡಿರುವುದು ಒಂದೇ ಕಡೆ. ಯೇಸುವನ್ನು ಗುದ್ದುವವರು ಮಾರ್ಕನಲ್ಲಿ ‘ಪ್ರವಾದನೆ ಹೇಳು’ ಅಂತಷ್ಟೇ ಅನ್ನುತ್ತಾರೆ (14:65). ಉಳಿದಿಬ್ಬರಲ್ಲಿ ‘ನಿನ್ನನ್ನು ಹೊಡೆದವನು ಯಾರು?’ ಅಂತಲೂ ಇದೆ. ಗ್ರೀಕಿನಲ್ಲಿ ಅವೇ ಐದು ಪದ! ಸುಮ್ನೆ ಹೊಂದಿಕೆಯಾಗಿದ್ದಲ್ಲ, ಲೂಕ ಮತ್ತಾಯನನ್ನು ನೋಡಿಯೇ ಬರೆದಂತಿದೆ, ಅಲ್ವಾ? ಮತ್ತಾಯನಲ್ಲಿ ಅದು ನಕಲು ಮಾಡಿದವರು ಆಮೇಲೆ ಸೇರಿಸಿದ್ದು ಅನ್ನುವುದು ಕ್ಯೂ ಪರ ಇದ್ದ ವಿದ್ವಾಂಸ ಸ್ಟ್ರೀಟರ್ ವಾದ. ನನಗೆ ಇದು ಜಾರಿಕೊಳ್ಳುವ ಉತ್ತರದಂತೆ ಕಾಣುತ್ತದೆ. ಆ ಮಾತಿಲ್ಲದ ಮತ್ತಾಯನ ಹಳೆಯ ಗ್ರೀಕ್ ಪ್ರತಿ ಒಂದಾದರೂ ಇದೆಯಾ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.